ರಾತ್ರಿ ಊಟದ ಬದಲು ರಾಗಿ ಮಾಲ್ಟ್: ಹತ್ತು ಗಂಟೆಗೇ ಹಸಿವು ಯಾಕೆ?

ಗಂಜಿಪ್ರಿಯ: ವಯಸ್ಸು 52, ತೂಕ 84 ಕೆ.ಜಿ., ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 146. ರಾತ್ರಿ ಅನ್ನ ಬಿಟ್ಟು ಮೊಳಕೆ ರಾಗಿ ಮಾಲ್ಟ್ 3 ಚಮಚ, ಒಂದು ಲೋಟ ಹಾಲು, ಒಂದಚ್ಚು ಬೆಲ್ಲ. ಆರು ವಾರವಾದರೂ ತೂಕ ಇಳಿದಿಲ್ಲ. ಎಂಟಕ್ಕೆ ಕುಡಿದರೆ ಹತ್ತಕ್ಕೆ ಹೊಟ್ಟೆ ಚುರುಗುಟ್ಟುತ್ತೆ. ಓಟ್ಸ್ ತಗೊಳ್ಳಿ ಅಂತಾರೆ, ರಾಗಿ ಇರುವಾಗ ಅದ್ಯಾಕೆ?

ಹುರುಳಿಕಟ್ಟು: ರಾಗಿ ತಪ್ಪಲ್ಲ, ಮೊಳಕೆ ತಪ್ಪು. ಮೊಳಕೆ ಬಂದಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತೆ, ಅದಕ್ಕೇ ಹಿಟ್ಟು ಜಾಸ್ತಿ ಹಾಕಿದರೂ ಮಾಲ್ಟ್ ತೆಳ್ಳಗೇ ಇರುತ್ತೆ. ತಿನ್ನಲು ಹಟ ಮಾಡುವ ಮಗುವಿಗೆ ಅದೇ ವರ. ನಿಮಗೆ ಉಲ್ಟಾ: ಹಾಲು, ಬೆಲ್ಲ ಸೇರಿ 300 ಕ್ಯಾಲೊರಿಯ ಹತ್ತಿರ, ಅದೂ ಎರಡು ಗುಟುಕಿಗೆ ಖಾಲಿ.

ಮೊಳಕೆ ಕಟ್ಟದ ರಾಗಿ ಹಿಟ್ಟು 40 ಗ್ರಾಂ, ಹುರಿದ ಹುರುಳಿಯ ಹಿಟ್ಟು 20 ಗ್ರಾಂ ತಗೊಳ್ಳಿ. ಮೊದಲು ತಣ್ಣೀರಲ್ಲಿ ಕದಡಿ. ಕುದಿಯುವ ನೀರಿಗೆ ಒಣ ಹಿಟ್ಟು ಸುರಿದರೆ ಗಂಟು ಗ್ಯಾರಂಟಿ. 400 ಮಿ.ಲೀ. ಕುದಿನೀರಿಗೆ ಬೆರೆಸಿ, ಸಣ್ಣ ಉರಿಯಲ್ಲಿ 8 ನಿಮಿಷ ಕೈಯಾಡಿಸಿ. ಹುರುಳಿ ಅರೆಬೆಂದರೆ ರಾತ್ರಿಯೆಲ್ಲ ಹೊಟ್ಟೆ ಉಬ್ಬರ. ಪೂರ್ತಿ ಆರಿದ ಮೇಲೆ 100 ಗ್ರಾಂ ಮೊಸರು ಕಡೆದು ಸೇರಿಸಿ, ಬಿಸಿಯಿದ್ದಾಗ ಹಾಕಿದರೆ ಒಡೆಯುತ್ತೆ. ಪಕ್ಕಕ್ಕೆ 25 ಗ್ರಾಂ ಹೆಸರುಬೇಳೆ ನೆನೆಸಿ, ಸೌತೆಕಾಯಿ ಹಾಕಿ ಕೋಸಂಬರಿ. ಒಟ್ಟು ಸುಮಾರು 340 ಕ್ಯಾಲೊರಿ, ಪ್ರೋಟೀನ್ 16 ಗ್ರಾಂ. ಕ್ಯಾಲೊರಿ ಹೆಚ್ಚೇ ಇದೆ, ಆದರೆ ಅಗಿದು ತಿಂದಿದ್ದು ಹೊಟ್ಟೆಯಲ್ಲಿ ನಿಲ್ಲುತ್ತೆ. ಹತ್ತು ಗಂಟೆಯ ಚೌಚೌ ಡಬ್ಬಿ ಮುಚ್ಚಿಯೇ ಇರುತ್ತೆ. ಲೆಕ್ಕ ತಪ್ಪೋದು ಆ ಡಬ್ಬಿಯಲ್ಲೇ.

ಜವೆಗೋಧಿ: ಎಲ್‌ಡಿಎಲ್ ವಿಷಯಕ್ಕೆ ಬಂದರೆ ಓಟ್ಸ್ ಅಂದವರು ಸುಳ್ಳು ಹೇಳಿಲ್ಲ. ಓಟ್ಸ್ ಮತ್ತು ಬಾರ್ಲಿಯಲ್ಲಿ ಬೀಟಾ ಗ್ಲೂಕನ್ ಎಂಬ ಲೋಳೆ ನಾರು ಇದೆ. ಅದು ಕರುಳಲ್ಲಿ ಪಿತ್ತಾಮ್ಲವನ್ನು (ಕೊಬ್ಬು ಜೀರ್ಣಿಸಲು ಯಕೃತ್ತು ಕೊಲೆಸ್ಟರಾಲಿನಿಂದ ಮಾಡುವ ರಸ) ಹಿಡಿದು ಹೊರಹಾಕುತ್ತೆ. ಹೊಸ ಪಿತ್ತಾಮ್ಲಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತೆ. ದಿನಕ್ಕೆ 3 ಗ್ರಾಂ ಬೇಕು, ಅಂದರೆ ಸುಮಾರು 75 ಗ್ರಾಂ ಓಟ್ಸ್. ರಾಗಿಯ ನಾರು ಹೆಚ್ಚಾಗಿ ಕರಗದ ಬಗೆಯದು: ಮಲಬದ್ಧತೆಗೆ ಒಳ್ಳೆಯದು, ಈ ಕೆಲಸಕ್ಕೆ ಸಾಲದು. ಬೆಳಿಗ್ಗೆ ಓಟ್ಸ್, ರಾತ್ರಿ ರಾಗಿ ಮಾಡಿಕೊಳ್ಳಿ, ಜಗಳವೇ ಬೇಡ.

ಮಸಾಲಾ ಓಟ್ಸ್ ಪೊಟ್ಟಣ ಮಾತ್ರ ಬೇಡ. ಹಿಂದೆ ಬರೆದಿರುವ ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿ, ಉಪ್ಪು ಎಷ್ಟೆಂದು ಗೊತ್ತಾಗುತ್ತೆ. ಇಡೀ ದಿನದ ಉಪ್ಪಿನ ಮಿತಿ 5 ಗ್ರಾಂ.

ಗಂಜಿಪ್ರಿಯ: ಬಾರ್ಲಿ ನೀರು ಕುಡಿದರೆ ಸಾಲಲ್ವಾ?

ಜವೆಗೋಧಿ: ಸೋಸಿ ಕಾಳು ಎಸೆದರೆ ನಾರಿನ ಬಹುಪಾಲು ಅದರ ಜೊತೆ ಹೋಯ್ತು. 6 ಗಂಟೆ ನೆನೆಸಿ, ಕುಕ್ಕರಲ್ಲಿ 4 ವಿಷಲ್ ಕೂಗಿಸಿ, ಕಾಳು ಸಮೇತ ತಿನ್ನಿ. ಪಾಲಿಶ್ ಬಾರ್ಲಿಯಾದರೂ ಪರವಾಗಿಲ್ಲ, ಈ ನಾರು ಹೊಟ್ಟಿನಲ್ಲಷ್ಟೇ ಅಲ್ಲ, ಕಾಳಿನ ಒಳಗೂ ಇರುತ್ತೆ.

ಪಥ್ಯಪಾಕ: ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತಗೊಳ್ತಿದ್ದರೆ ಡಾಕ್ಟರಿಗೆ ಹೇಳದೆ ರಾತ್ರಿಯೂಟ ಕಡಿಮೆ ಮಾಡಬೇಡಿ, ನಡುರಾತ್ರಿ ಸಕ್ಕರೆ ಇಳಿದು ಬೆವರು, ನಡುಕ ಬರುತ್ತೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರೆ ಓಟ್ಸ್ ನಂಬಿ ಅದನ್ನೂ ಬಿಡಬೇಡಿ. ನಾರನ್ನು ಒಂದೇ ಸಲ ಏರಿಸದೆ ಮೊದಲ ವಾರ ಅರ್ಧ ಅಳತೆಯಲ್ಲಿ ಶುರು ಮಾಡಿ, ನೀರು ಹೆಚ್ಚು ಕುಡಿಯಿರಿ.