ಶಾಲಿ ತೋಟದಾಗ ಸೆನ್ಸರ್ ಒಣ ಅಂತೈತಿ, ಹುಡುಗ್ರು ಹಸಿ ಅಂತಾರ, ಯಾರದು ಖರೇ?

ರೋಣದ_ಮಾಸ್ತರ:
ನಮಸ್ಕಾರ್ರೀ ಎಲ್ಲಾರಿಗೂ. ರೋಣ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಾಗ ಸೈನ್ಸ್ ಹೇಳ್ತೀನಿ. ಬಿಸಿಯೂಟಕ್ಕ ಒಂದಿಷ್ಟು ಪಲ್ಲೆ ಆಗ್ಲಿ ಅಂತ ಶಾಲಿ ಹಿಂದ ನಾಲ್ಕು ಮಡಿ ಮಾಡಿ ಮೆಂತೆ, ಹೆಸರು, ಬದನಿ, ಮೆಣಸಿನಗಿಡ ಹಚ್ಚೇವಿ. ಅದರ ಜೋಡಿ ಟೆಕ್ನಾಲಜಿನೂ ಆಗ್ಲಿ ಅಂತ ಆರ್ಡುಯಿನೊ ಬೋರ್ಡು (ಪ್ರೋಗ್ರಾಂ ಹಾಕೋ ಸಣ್ಣ ಸರ್ಕ್ಯೂಟ್), ಮತ್ತ ಎರಡು ಕಾಲಿನ ನಡುವ ಮಣ್ಣಾಗ ಎಷ್ಟು ಕರೆಂಟ್ ಹರಿತೈತಿ ನೋಡಿ ತೇವ ಹೇಳೋ ಸೆನ್ಸರ್ ತರಿಸಿ, ಮಣ್ಣು ಒಣಗಿದ್ರ ಕೆಂಪು ಲೈಟ್ ಹತ್ತೋಹಂಗ ಹುಡುಗ್ರ ಕಡೆನ ಪ್ರೋಗ್ರಾಂ ಬರೆಸಿದ್ದೆ. ಮೊದ್ಲ ವಾರ ಛಲೋ ಇತ್ತು, ಈಗ ಮುಂಜಾನೆ ನೀರು ಬಿಟ್ಟ ಮಡಿಗೂ ಕೆಂಪ ಹತ್ತಾಕತ್ತೈತಿ. ಮೊನ್ನೆ ಒಬ್ಬಾಕಿ ಹುಡುಗಿ ಬೆರಳು ಮಣ್ಣಾಗ ಚುಚ್ಚಿ "ಸರ, ಒಳಗ ಹಸಿ ಐತ್ರಿ, ನಿಮ್ಮ ಮಷಿನ್ನ ಸುಳ್ಳ ಹೇಳತೈತಿ" ಅಂದ್ಲು, ಇಡೀ ಕ್ಲಾಸ್ ನಕ್ತು. ಹೆಡ್‌ಮಾಸ್ತರು ಬ್ಯಾರೆ ರೊಕ್ಕ ದಂಡ ಅಂತಾರ. ಸೆನ್ಸರ್ ಕೆಟ್ಟೈತೋ, ಪ್ರೋಗ್ರಾಂ ತಪ್ಪೈತೋ?

ಹುಬ್ಳಿ_ಸೋಲ್ಡರ್:
ಸೆನ್ಸರ್ ಕಿತ್ತು ಕಾಲು ನೋಡ್ರಿ ಮೊದ್ಲು. ಹಗಲು ರಾತ್ರಿ ಕರೆಂಟ್ ಕೊಟ್ಟ ಇಟ್ಟಿದ್ರ ಪ್ಲಸ್ ಕಡೆ ಕಾಲಿನ ತಾಮ್ರ ಕರಗಿ ಹೋಗಿರ್ತದ, ಕರೆಂಟ್ ಸರಿ ಹರಿಯೂದಿಲ್ಲ, ಅದಕ್ಕ ಒಣ ಅಂತದ. ಎಲೆಕ್ಟ್ರೋಲಿಸಿಸ್ ಅದು, ಪಾಠದಾಗ ಬೀಕರ್‌ನಾಗ ತೋರಸೋದು ನಿಮ್ಮ ಮಡ್ಯಾಗ ಫುಕಟ್ ನಡದದ. ಸೆನ್ಸರ್‌ಗೆ ಐದು ವೋಲ್ಟ್ ನೇರ ಕೊಡಬ್ಯಾಡ್ರಿ, ಬೋರ್ಡಿನ ಒಂದು ಡಿಜಿಟಲ್ ಪಿನ್ನಿಂದ (ಪ್ರೋಗ್ರಾಂನಾಗ ಆನ್ ಆಫ್ ಮಾಡೋ ಕಾಲು) ಕೊಡ್ರಿ, ಅರ್ಧ ತಾಸಿಗೊಮ್ಮೆ ಒಂದ್ ಕ್ಷಣ ಆನ್ ಮಾಡಿ ರೀಡಿಂಗ್ ತಗೊಂಡು ಆಫ್. ಇಲ್ಲಾ ಕೆಪಾಸಿಟಿವ್ ಸೆನ್ಸರ್ ತಗೋರಿ, ಅದು ಮಣ್ಣಾಗ ಕರೆಂಟ್ ಹರಿಸದ ತೇವ ಅಳಿತದ, ಅದರಾಗ ತಾಮ್ರ ಮಣ್ಣಿಗೆ ತಾಕೂದೇ ಇಲ್ಲ.

ಎರಿಹೊಲ_ನವಲಗುಂದ:
ನಾ ಒಕ್ಕಲತನದಾಂವ, ವೈರಿಂದು ಗೊತ್ತಿಲ್ಲ. ಆದ್ರ ರೋಣ ಅಂದ್ರ ಎರಿ ನೆಲ, ಒಣಗಿದ್ರ ಕುಗ್ಗಿ ಬಿರಿತೈತಿ, ಹಸಿ ಆದ್ರ ಉಬ್ಬತೈತಿ. ನಿಮ್ಮ ಸೆನ್ಸರ್ ಬಿರುಕಿನಾಗ ನಿಂತಿದ್ರ ಕಾಲು ಗಾಳ್ಯಾಗ ಇರ್ತಾವ, ಒಣ ಅನ್ನದ ಮತ್ತೇನ ಅಂದೀತು? ಸೈಕಲ್ ಕಡ್ಡಿ ಬಿರುಕಿನಾಗ ಇಳಿಸಿ ಎಷ್ಟು ಆಳ ಹೋಕ್ಕೈತಿ ಅಳಿಯಾಕ ಹಚ್ರಿ ಹುಡುಗ್ರನ್ನ. ಇನ್ನೊಂದು, ಮಲಪ್ರಭಾ ಕಾಲುವಿ ನೀರು ಹಾಯೋ ಕಡೆ ಎಷ್ಟೋ ಹೊಲ ಸವಳು ಆಗ್ಯಾವ, ಉಪ್ಪಿನಂಶ ಇದ್ದಲ್ಲೆ ಕರೆಂಟ್ ಜಾಸ್ತಿ ಹರಿದು ಉಲ್ಟಾ ಹಸಿ ಅಂತ ತೋರಸ್ತೈತಂತ, ನನ್ನ ಮಗ ಹೇಳಿದ್ದು. 2015ರಿಂದ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಕೊಡಾಕತ್ತಾರಲ್ಲ, 12 ಅಂಶ ಇರ್ತಾವ ಅದರಾಗ, ಉಪ್ಪಿನಂಶದ ಲೆಕ್ಕಾನೂ ಐತಿ, ಹುಡುಗ್ರು ಮನಿಯಿಂದ ತರ್ಲಿ. ನಮ್ಮನ್ಯಾಗ ಅದು ಕ್ಯಾಲೆಂಡರ್ ಹಿಂದ ಸಿಕ್ಕಸಿಟ್ಟಿದ್ದು ಹಂಗ ಐತಿ, ಯಾರೂ ಓದಿಲ್ಲ.

ಧಾರವಾಡ_ಟೀಚರ್:
ಆ ಹುಡುಗಿಗೆ ಶಾಬಾಸ್ ಹೇಳ್ರಿ ಸರ. ಬೆರಳು ಖರೇನೋ ಸೆನ್ಸರ್ ಖರೇನೋ ಅಂತ ತಕ್ಕಡಿ ಹೇಳ್ತದ. ಬೇರು ಇರೋ ಆಳದಿಂದ 100 ಗ್ರಾಂ ಹಸಿ ಮಣ್ಣು ತೂಗಿ, ಬಿಸಲಾಗ ಹರವಿ, ತೂಕ ಇಳಿಯೋದು ನಿಲ್ಲೂತನಕ ದಿನಾ ತೂಗಸ್ರಿ. ಲ್ಯಾಬಿನಾಗ 105 ಡಿಗ್ರಿ ಓವನ್ನಿನಾಗ ಒಣಗಸ್ತಾರ, ನಮಗ ಬಿಸಲ ಸಾಕು. 80 ಗ್ರಾಂ ಉಳೀತು ಅಂದ್ರ ನೀರು 20, ಒಣ ಮಣ್ಣಿನ ಲೆಕ್ಕದಾಗ ಶೇಕಡಾ 25. ಇದನ್ನ ಸೆನ್ಸರ್ ನಂಬರ್ ಪಕ್ಕ ಬರದು ಗ್ರಾಫ್ ಹಾಕಿದ್ರ, ಕೆಂಪು ಲೈಟ್ ಯಾವ ನಂಬರಿಗೆ ಹತ್ತಬೇಕು ಅಂತ ಹುಡುಗ್ರ ಹೇಳ್ತಾರ. ಹೆಸರು ಹೂ ಬಿಟ್ಟಾಗ ಒಂದು ಗಿಡ ಬೇರು ಸಮೇತ ಎಬ್ಬಿಸಿ ತೊಳದು, ಬೇರಿನ ಗಂಟು ಬ್ಲೇಡಿನಿಂದ ಸೀಳಿ ತೋರಿಸ್ರಿ, ಒಳಗ ಗುಲಾಬಿ ಬಣ್ಣ ಇದ್ರ ಗಾಳಿ ನೈಟ್ರೋಜನ್ ಹಿಡಿಯೋ ಕೆಲಸ ನಡದದ ಅಂತ ಅರ್ಥ. ನಮ್ಮ ತೋಟ ಒಂದ್ ವರ್ಷ ಬ್ಯಾಸಗಿ ಸೂಟ್ಯಾಗ ಸತ್ತ ಹೋತು, ನೀರು ಹಾಕೋರು ಯಾರ ಅಂತ ನಾವು ವಿಚಾರನ ಮಾಡಿರಲಿಲ್ಲ.

ರೋಣದ_ಮಾಸ್ತರ:
ಕಿತ್ತು ನೋಡಿದೆ. ಒಂದು ಕಾಲು ಹಸರುಗಟ್ಟಿ ತುದಿ ತಿಂದ ಹೋಗೈತಿ, ಇನ್ನೊಂದು ಫಳಫಳ. ಸೈಕಲ್ ಕಡ್ಡಿನೂ ಅಲ್ಲೇ ಒಂದು ಗೇಣು ಇಳೀತು, ಅಂದ್ರ ಇಬ್ರು ಹೇಳಿದ್ದೂ ಖರೇ. ತೂಕದ ವಹಿ ಆ ಹುಡುಗಿ ಕೈಯಾಗ ಕೊಟ್ಟೀನಿ. ಈಗ ಅಡುಗಿ ಖೋಲಿ ತಕ್ಕಡಿ ಅರ್ಧ ಕಿಲೋದ ಕೆಳಗ ತೋರಸೂದಿಲ್ಲ, ಗ್ರಾಂ ತೋರ್ಸೋ ಸಣ್ಣ ತಕ್ಕಡಿ ಗದಗಿನಾಗ ಎಲ್ಲಿ ಸಿಗತೈತಿ, ಗೊತ್ತಿದ್ರ ಹೇಳ್ರಿ.