ರಂಧ್ರದ ಸೈಟ್ ಹಾಕಿದ ಮೇಲೆ ಗುಂಡು 8 ಇಂಚು ಮೇಲೆ, ನಳಿಗೆ ತೊಳೆದರೆ 3 ಇಂಚು ಎಡಕ್ಕೆ

ಕಾಫಿಕಣ:

ನಾನು ಕೊಡಗಿನವನು, 22 ವರ್ಷಗಳಿಂದ ಅಮೆರಿಕದ ಇಂಡಿಯಾನಾದಲ್ಲಿ ವಾಸ. ವಯಸ್ಸು 54. ನಮ್ಮ ಮನೆಯ ಕೇಪಿನ ಕೋವಿಗೆ ಗುರಿ ಹಿಡಿಯಲು ಕಣ್ಣಿನ ಹತ್ತಿರ ಇರುವ ಹಿಂದಿನ ಸೈಟೇ ಇರಲಿಲ್ಲ. ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆಯ ಮಣಿ, ಅಷ್ಟೇ. ಅದರಲ್ಲೇ ಅಪ್ಪ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಉರುಳಿಸುತ್ತಿದ್ದರು. ಅವರ ಕಣ್ಣು ನನಗೆ ಬರಲಿಲ್ಲ, ಹುಚ್ಚು ಮಾತ್ರ ಬಂತು.

ನನ್ನದು ಹಾಕೆನ್ ಎನ್ನುವ ಹಳೆಯ ಅಮೆರಿಕನ್ ಮಾದರಿಯ .50 ಕ್ಯಾಲಿಬರ್ ರೈಫಲ್. ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು, ಎಂಟು ಮೂಲೆಯ ನಳಿಗೆ. 70 ಗ್ರೇನ್ ಕರಿಮದ್ದು, ಬಟ್ಟೆಯ ತುಂಡಿನಲ್ಲಿ ಸುತ್ತಿದ .490 ಸೀಸದ ಗುಂಡು. ಓದುವ ಕನ್ನಡಕ ಬಂದ ಮೇಲೆ ಹಿಂದಿನ ಸೈಟಿನ ಕಚ್ಚು ನನಗೆ ಹತ್ತಿಯ ಉಂಡೆಯಂತೆ ಕಾಣುತ್ತದೆ. ಅದನ್ನು ತೆಗೆದು, ನಳಿಗೆಯ ಹಿಂದೆ ಮರದೊಳಗೆ ಕೂರುವ ಟ್ಯಾಂಗ್ ಎನ್ನುವ ಕಬ್ಬಿಣದ ಬಾಲದ ಮೇಲೆ ರಂಧ್ರದ ಸೈಟ್, ಅಂದರೆ ಸಣ್ಣ ತೂತಿನೊಳಗಿಂದ ನೋಡಿ ಗುರಿ ಹಿಡಿಯುವ ಸೈಟ್, ಕೂರಿಸಿದೆ. 31ನೇ ನಂಬರಿನ ಡ್ರಿಲ್ಲಿನಿಂದ ಎರಡು ತೂತು ಕೊರೆದು, ಸ್ಕ್ರೂ ಕೂರಲು 6-48 ಟ್ಯಾಪಿನಿಂದ ಸುರುಳಿ ಗೀರು ಹಾಕಿದ್ದು ನಾನೇ. ಹೆಂಡತಿ ಎರಡು ದಿನ ಗ್ಯಾರೇಜಿನ ಕಡೆ ಸುಳಿಯಲಿಲ್ಲ.

ಈಗ ಮುಂದಿನ ಸೈಟ್ ಸೂಜಿಯಂತೆ ಕಾಣುತ್ತದೆ. ಆದರೆ ತೊಂದರೆ ಎರಡು. ರಂಧ್ರವನ್ನು ಪೂರ್ತಿ ಕೆಳಗಿಳಿಸಿದರೂ 50 ಗಜದಲ್ಲಿ ಗುಂಡು 8 ಇಂಚು ಮೇಲೆ ಬೀಳುತ್ತದೆ. ಎರಡನೆಯದು ವಿಚಿತ್ರ: ನಳಿಗೆ ಕಳಚಿ ಬಿಸಿನೀರಿನಲ್ಲಿ ತೊಳೆದು ಮತ್ತೆ ಜೋಡಿಸಿದರೆ ಗುಂಡುಗಳೆಲ್ಲ ಒಟ್ಟಾಗಿಯೇ 3 ಇಂಚು ಎಡಕ್ಕೆ ಸರಿಯುತ್ತವೆ. ಇನ್ನೊಮ್ಮೆ ತೊಳೆದರೆ ಬೇರೆ ಕಡೆಗೆ. ಸೈಟೇ ಕೆಟ್ಟದ್ದಿರಬೇಕೆಂದು ವಾಪಸ್ ಕಳಿಸುವ ಯೋಚನೆಯಲ್ಲಿದ್ದೇನೆ. ಡಿಸೆಂಬರಿನ ಜಿಂಕೆ ಬೇಟೆಯ ಮೊದಲು ಇದು ಸರಿಯಾಗಬೇಕು.

ಹೊಗೆಮೋಡ:

8 ಇಂಚು ಮೇಲೆ ಬೀಳುವುದು ಕಾಯಿಲೆಯಲ್ಲ, ಬರೀ ಲೆಕ್ಕ. ಟ್ಯಾಂಗಿನ ಮೇಲಿನ ಸೈಟ್ ಹಳೆಯ ಸೈಟಿಗಿಂತ ಎತ್ತರದಲ್ಲಿ ಕೂರುತ್ತದೆ, ಮುಂದಿನದು ಮಾತ್ರ ಹಳೆಯ ಎತ್ತರದಲ್ಲೇ ಉಳಿದಿದೆ. ಮುಂದಿನದನ್ನು ಎತ್ತರಿಸಬೇಕು. ರಂಧ್ರದಿಂದ ಮುಂದಿನ ಸೈಟಿನವರೆಗೆ ಎಷ್ಟು ಇಂಚು ಎಂದು ಅಳೆಯಿರಿ. 34 ಇದ್ದರೆ, 8ನ್ನು 34ರಿಂದ ಗುಣಿಸಿ 1800ರಿಂದ ಭಾಗಿಸಿ; 50 ಗಜವೆಂದರೆ 1800 ಇಂಚು. 0.15 ಇಂಚು ಬರುತ್ತದೆ, ಸುಮಾರು 4 ಮಿಲಿಮೀಟರ್. ಈಗಿನ ಮುಂದಿನ ಸೈಟಿನ ಎತ್ತರಕ್ಕೆ ಇಷ್ಟನ್ನು ಸೇರಿಸಿ, ಅದಕ್ಕಿಂತ ತುಸು ಎತ್ತರದ್ದನ್ನೇ ತಂದು ಹಾಕಿ. ಗುಂಡು ಕೆಳಗೆ ಬಿದ್ದರೆ ಅರದಿಂದ ತುದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಗುಂಡನ್ನು ಮೇಲಕ್ಕೆ ತರಬಹುದು. ಗಿಡ್ಡದ್ದು ಹಾಕಿದರೆ ಉಜ್ಜಲು ಏನೂ ಇರುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಮದ್ದು ಒತ್ತುವ ಕೋಲನ್ನು ನಳಿಗೆಯ ತಳಕ್ಕೆ ಇಳಿಸಿ, ಒಳಗೆ ಈಡು ಇಲ್ಲವೆಂದು ನೋಡಿಕೊಳ್ಳಿ. ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ, ಬೈದುಕೊಳ್ಳುವವರು ಬೈದುಕೊಳ್ಳಲಿ.

ಇಂಥ ಸೈಟ್ ಹಾಕುವುದು ಸಂಪ್ರದಾಯಕ್ಕೆ ಮೋಸ ಎನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. 1874ರಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೋರ್‌ನಲ್ಲಿ ಐರಿಷ್ ತಂಡ ಬಾಯಿಂದ ತುಂಬುವ ರಿಗ್ಬಿ ರೈಫಲುಗಳಲ್ಲಿ 1000 ಗಜದವರೆಗೂ ಹೊಡೆದದ್ದು ಟ್ಯಾಂಗಿನ ಮೇಲಿನ ರಂಧ್ರದ ಸೈಟಿನಿಂದಲೇ ಎಂದು ಹೇಳಿಬಿಡಿ. ಐರಿಷರು ಅಮೆರಿಕನ್ ತಂಡದ 934ಕ್ಕೆ 931 ಅಂಕ ಗಳಿಸಿ ಸೋತರು, ನಿಜ. ಆದರೆ ಅದಕ್ಕೆ ಸೈಟ್ ಕಾರಣವಲ್ಲ. ತಂಡದ ಒಬ್ಬರು ಪಕ್ಕದ ಗುರಿಹಲಗೆಗೆ ಹೊಡೆದು ಸೊನ್ನೆ ತಂದಿದ್ದರು.

ಹಳೇ ಲೇತ್:

ಪೀಣ್ಯದ ಟೂಲ್‌ರೂಮಿನಲ್ಲಿ ಕೈ ಪಳಗಿಸಿಕೊಂಡವನು ನಾನು, ಈಗ ಒಹಾಯೋದಲ್ಲಿದ್ದೇನೆ. ಕಾಫಿಕಣ ಅವರೇ, ಸೈಟನ್ನು ವಾಪಸ್ ಕಳಿಸಬೇಡಿ, ಅದರ ತಪ್ಪಲ್ಲ.

ಮೊದಲು ನಿಮ್ಮ ಹಿಂದಿನ ಸೈಟೂ ಮುಂದಿನ ಸೈಟೂ ಒಂದೇ ನಳಿಗೆಯ ಮೇಲಿದ್ದವು. ನಳಿಗೆ ಎತ್ತ ಅಲುಗಿದರೂ ಎರಡೂ ಜೊತೆಗೇ ಅಲುಗುತ್ತಿದ್ದವು. ಈಗ ಹಿಂದಿನದು ಟ್ಯಾಂಗಿನ ಜೊತೆ ಮರದಲ್ಲಿ ಉಳಿಯುತ್ತದೆ, ಮುಂದಿನದು ನಳಿಗೆಯ ಜೊತೆ ಬಕೆಟ್ಟಿಗೆ ಹೋಗುತ್ತದೆ. ಹಾಕೆನ್ ಮಾದರಿಯಲ್ಲಿ ನಳಿಗೆಯನ್ನೂ ಮರವನ್ನೂ ಕೂಡಿಸುವುದು ನಳಿಗೆಯ ಹಿಂತುದಿಯಿಂದ ಟ್ಯಾಂಗಿಗೆ ಸಿಕ್ಕುವ ಒಂದು ಕೊಕ್ಕೆ ಮತ್ತು ಮುಂದೆ ಮರದ ಅಡ್ಡಕ್ಕೆ ಹೊಡೆಯುವ ಬೆಣೆಗಳು. ಕೊಕ್ಕೆಯಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ನಳಿಗೆ ಪ್ರತಿ ಸಲ ಬೇರೆ ದಿಕ್ಕಿಗೆ ಕೂರುತ್ತದೆ. 50 ಗಜದಲ್ಲಿ ಅದೇ 3 ಇಂಚು. ಗುಂಡುಗಳು ಚದುರದೆ ಒಟ್ಟಾಗಿ ಸರಿಯುತ್ತವೆ ಎಂದಿರಲ್ಲ, ಆ ಮಾತಿನಲ್ಲೇ ಉತ್ತರವಿದೆ.

ಕೊಕ್ಕೆಗೆ ದೀಪದ ಮಸಿ ಹಚ್ಚಿ ನಳಿಗೆ ಕೂರಿಸಿ ತೆಗೆಯಿರಿ. ಮಸಿ ಎಲ್ಲಿ ಉಜ್ಜಿದೆ, ಎಲ್ಲಿ ಉಜ್ಜಿಲ್ಲ ನೋಡಿ. ಒಂದೇ ಮೂಲೆಯಲ್ಲಿ ಉಜ್ಜಿದ್ದರೆ ಅರ ತೆಗೆದುಕೊಂಡು ಹಾರಬೇಡಿ. ಇನ್ನೊಂದು ಸಂಶಯ ನನಗಿದೆ. ತೂತುಗಳು ಟ್ಯಾಂಗಿನ ಆಚೆಗೂ ತೂರಿವೆಯೇ? ತೂರಿದ್ದರೆ ಸ್ಕ್ರೂ ತುದಿಗಳು ಕೆಳಗೆ ಚಾಚಿ ಮರಕ್ಕೆ ಒತ್ತುತ್ತಿರಬಹುದು. ಸ್ಕ್ರೂ ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ, ಆದರೆ ಟ್ಯಾಂಗ್ ತನ್ನ ಹಾಸಿನಿಂದ ಮೇಲೆದ್ದಿರುತ್ತದೆ. ಟ್ಯಾಂಗನ್ನು ಬಿಚ್ಚಿ ತಿರುಗಿಸಿ ನೋಡಿ.

ಕಾಫಿಕಣ:

ಬಿಚ್ಚಿದೆ. ಮುಂದಿನ ಸ್ಕ್ರೂ ಒಂದೂವರೆ ಮಿಲಿಮೀಟರ್ ಕೆಳಗೆ ಚಾಚಿತ್ತು. ಮರದಲ್ಲಿ ಅದರ ಗುಂಡನೆಯ ಗುರುತು ನನ್ನನ್ನು ನೋಡಿ ನಗುತ್ತಿತ್ತು. ಕೊಕ್ಕೆಯಲ್ಲಿ ಮಸಿ ಬಲಗಡೆ ಮಾತ್ರ ಉಜ್ಜಿದೆ. ಇದು ಟ್ಯಾಂಗ್ ಎದ್ದಿದ್ದರಿಂದಲೋ, ಕೊಕ್ಕೆಯೇ ಸಡಿಲವೋ?

ಹಳೇ ಲೇತ್:

ಒಂದೊಂದಾಗಿ ಮಾಡಿ, ಎರಡನ್ನೂ ಒಟ್ಟಿಗೆ ಮುಟ್ಟಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಮೊದಲು ಸ್ಕ್ರೂ ತುದಿ ಉಜ್ಜಿ ಗಿಡ್ಡ ಮಾಡಿ, ಟ್ಯಾಂಗ್ ಕೂರಿಸಿ, ಮತ್ತೆ ಮಸಿ ಹಚ್ಚಿ. ಆಮೇಲೆ ರೇಂಜಿನಲ್ಲಿ ಮೂರು ಗುಂಡು ಹೊಡೆಯಿರಿ, ನಳಿಗೆ ಕಳಚಿ ಜೋಡಿಸಿ, ಮತ್ತೆ ಮೂರು. ತೊಳೆಯುವುದು ಬೇಡ, ಕಳಚಿ ಜೋಡಿಸಿದರೆ ಸಾಕು. ಹೀಗೆ ನಾಲ್ಕು ಸಲ. ಬೆಣೆಗಳನ್ನು ಪ್ರತಿ ಸಲ ಒಂದೇ ಕಡೆಯಿಂದ, ಒಂದೇ ಬಿಗಿಯಲ್ಲಿ ಹೊಡೆಯಿರಿ. ಆಗಲೂ ಸರಿದರೆ ಟ್ಯಾಂಗಿನ ಕೆಳಗೆ ಎಪಾಕ್ಸಿ ಹಾಸು ಹಾಕುವ ಮಾತಾಡೋಣ.

ಹೊಗೆಮೋಡ:

ಬೇಟೆಗೆ ಹೋಗುವಾಗ ಸಣ್ಣ ರಂಧ್ರದ ಬಿಲ್ಲೆಯನ್ನು ತಿರುಗಿಸಿ ತೆಗೆದುಬಿಡಿ, ಬರೀ ದೊಡ್ಡ ಉಂಗುರ ಉಳಿಯಲಿ. ಮುಂಜಾವದ ಬೆಳಕಿನಲ್ಲಿ ಸಣ್ಣ ರಂಧ್ರದೊಳಗೆ ಜಿಂಕೆಯೂ ಕಾಣುವುದಿಲ್ಲ, ಮರವೂ ಕಾಣುವುದಿಲ್ಲ. ಉಂಗುರ ದೊಡ್ಡದಾದರೆ ಗುರಿ ಹಾಳಾಗುತ್ತದೆ ಎಂದು ಹೆದರಬೇಡಿ, ಕಣ್ಣು ತಾನಾಗಿಯೇ ನಡುವನ್ನು ಹುಡುಕಿಕೊಳ್ಳುತ್ತದೆ. ಕಾಗದದ ಗುರಿಗೆ ಸಣ್ಣದೇ ಇರಲಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಕೇಪು ಸಿಡಿಯುವುದು ನಿಮ್ಮ ಮುಖದ ಪಕ್ಕದಲ್ಲೇ.

ಕಾಫಿಕಣ:

ಶನಿವಾರ ರೇಂಜಿಗೆ ಹೋಗಿದ್ದೆ. ಸ್ಕ್ರೂ ಗಿಡ್ಡ ಮಾಡಿದ ಮೇಲೆ ಮಸಿ ಎರಡೂ ಕಡೆ ಉಜ್ಜಿತು. ನಾಲ್ಕು ಸಲ ಕಳಚಿ ಜೋಡಿಸಿ ಹೊಡೆದ 12 ಗುಂಡುಗಳನ್ನೂ ಒಂದು ಊಟದ ತಟ್ಟೆಯಿಂದ ಮುಚ್ಚಬಹುದು. ಎಡಬಲ ಸರಿಯುವುದು ಒಂದು ಇಂಚಿಗಿಂತ ಕಡಿಮೆಯಾಗಿದೆ. ಎತ್ತರದ ಮುಂದಿನ ಸೈಟ್ ಹಾಕಿದ್ದರಿಂದ ಈಗ 2 ಇಂಚು ಕೆಳಗೆ ಬೀಳುತ್ತಿದೆ, ಉಜ್ಜಲು ಜಾಗವಿದೆ.

ಮೂರನೆಯ ಸುತ್ತಿನಲ್ಲಿ ಮಾತ್ರ ಒಂದು ಬೆಣೆಯನ್ನು ತಪ್ಪು ಕಡೆಯಿಂದ ಹೊಡೆದುಬಿಟ್ಟೆ. ಈಗ ಪ್ರತಿ ಬೆಣೆಯ ತಲೆಗೂ ಹೆಂಡತಿಯ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.