ಸಹಾಯ ಬೇಕು: ಕಾರವಾರದ ಹಾಡುಗಳಿಗೆ ಸದ್ದಿಲ್ಲದ ಒಂದು ಕೋಣೆ

ಎಲ್ಲರಿಗೂ ನಮಸ್ಕಾರ. ನಾನು ಕೋಡಿಬಾಗದವನು. ನಮ್ಮೂರಿನ ಮೇಲೆ ಆರು ಹಾಡು ಬರೆದಿದ್ದೇನೆ. ಬರೀ ಗಿಟಾರ್, ನನ್ನ ದನಿ, ಅಷ್ಟೇ.

ಮನೆಯಲ್ಲಿ ರೆಕಾರ್ಡ್ ಮಾಡೋಕೆ ಆಗ್ತಿಲ್ಲ. ಹೆದ್ದಾರಿ 66 ಪಕ್ಕದಲ್ಲೇ ಇದೆ, ಕಂಡೆನ್ಸರ್ ಮೈಕ್ ಏನನ್ನೂ ಬಿಡಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಹಾಡಿದೆ. ಚೆನ್ನಾಗಿ ಬಂತು ಅಂದುಕೊಂಡೆ. ಕೇಳಿ ನೋಡಿದರೆ ಎರಡನೇ ಚರಣದಲ್ಲಿ ಲಾರಿ ಹಾರ್ನ್, ಕೊನೆಗೆ ಪಕ್ಕದ ಮನೆ ನಾಯಿ. (ನಾಯಿ ಶ್ರುತಿಯಲ್ಲೇ ಇತ್ತು, ಅದು ಬೇರೆ ಮಾತು.) ಉಪ್ಪುಗಾಳಿಗೆ ತಂತಿಗಳೂ ತುಕ್ಕು ಹಿಡಿದಿವೆ.

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ನಡುವೆ ಹಳೇ ಮನೆಯ ಒಂದು ಕೋಣೆ ಎರಡು ರಾತ್ರಿಗೆ ಸಿಗಬಹುದಾ? ಬಾಡಿಗೆ ಕೊಡುತ್ತೇನೆ. ಮಳೆಗಾಲಕ್ಕೆ ಮೊದಲೇ ಆಗಬೇಕು. ಜೂನ್ ಬಂತೆಂದರೆ ಹೆಂಚಿನ ಸದ್ದೇ ಜಾಸ್ತಿ, ಅಲ್ವಾ?

ಇನ್ನೊಂದು ವಿಷಯ. ಒಂದು ಹಾಡು ಕಾಳಿ ನದಿಯ ಹಳೇ ಸೇತುವೆಯದ್ದು, 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತಲ್ಲ, ಅದು. ಆ ಸೇತುವೆ ಬರುವ ಮೊದಲು ನದಿ ದಾಟಿ ಸದಾಶಿವಗಡಕ್ಕೆ ಹೋಗುತ್ತಿದ್ದ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ಹತ್ತು ನಿಮಿಷ ಮಾತಾಡಿಸಬೇಕು. ಕೊಂಕಣಿಯಾದರೂ ಸರಿ. ಇನ್‌ಬಾಕ್ಸ್ ಮಾಡಿ.